ತೊಂಬತ್ತಾರು ಅಂಗುಲದ ಹಾಯಿದೋಣಿ

ಮೊನ್ನೆ ಅಂಗಿಯ ಗುಂಡಿ ಕಿತ್ತುಬಂತೆಂದು ಸೂಜಿದಾರಕ್ಕಾಗಿ ಹೆಂಡತಿಯ ಹೊಲಿಗೆ ಯಂತ್ರದ ಡ್ರಾಯರು ಎಳೆದೆ. ಸೂಜಿ ಸಿಗಲಿಲ್ಲ, ಹಳದಿ ಬಣ್ಣದ ಹಳೆಯ ಟೇಪೊಂದು ಸಿಕ್ಕಿತು. ಅದರ ತುದಿಯಲ್ಲಿ ಇಂಗ್ಲಿಷಿನಲ್ಲಿ ಇಂಚು ಎಂದು ಅಚ್ಚಾದ ಕಡೆ ಕೆಂಪು ಶಾಯಿಯ ಅಡ್ಡಗೀಟು ಇದೆ. ಪಕ್ಕದಲ್ಲಿ ದುಂಡಗಿನ ಅಕ್ಷರದಲ್ಲಿ ‘ಅಂಗುಲ’ ಎಂದು ಬರೆದಿದೆ. ಬರೆದವನು ನಾನೇ. ಮದುವೆಯಾದ ಹೊಸತರಲ್ಲಿ ಬರೆದದ್ದು. ಬೇರೆ ಗಂಡಂದಿರು ಆ ದಿನಗಳಲ್ಲಿ ಹೆಂಡತಿಗೆ ಏನೇನು ಬರೆದುಕೊಡುತ್ತಾರೋ ನನಗೆ ತಿಳಿಯದು, ನಾನು ಮಾತ್ರ ಅವಳ ಟೇಪನ್ನು ತಿದ್ದಿ ಕೊಟ್ಟಿದ್ದೆ.

ನಾನು ಕನ್ನಡ ಮಾಷ್ಟ್ರು. ಮೂವತ್ತು ಚಿಲ್ಲರೆ ವರ್ಷ ಹೈಸ್ಕೂಲಿನಲ್ಲಿ ಕೆಂಪು ಶಾಯಿ ಸುರಿದು ನಿವೃತ್ತನಾದವನು. ಚಾಳಿ ಮಾತ್ರ ಇನ್ನೂ ನಿವೃತ್ತವಾಗಿಲ್ಲ. ಬಸ್ಸಿನ ಬೋರ್ಡು, ಮದುವೆಯ ಕಾಗದ, ಹೋಟೆಲಿನ ಗೋಡೆ, ಎಲ್ಲಿ ಅಲ್ಪಪ್ರಾಣಕ್ಕೆ ಮಹಾಪ್ರಾಣ ಅಂಟಿಕೊಂಡಿದ್ದರೂ ನನ್ನ ಬೆರಳು ತುರಿಸುತ್ತದೆ. ಮನೆಯಲ್ಲಿ ನಾವು ಮಾತಾಡುವುದು ತುಳು. ಅದರಲ್ಲೂ ನಾನು ಇಂಚಿಗೆ ಅಂಗುಲ ಎನ್ನಿಸುತ್ತಿದ್ದೆ ಎಂದರೆ ನನ್ನ ಜೊತೆ ಬಾಳುವುದು ಎಷ್ಟು ಕಷ್ಟ ಎಂದು ನೀವೇ ಊಹಿಸಬಹುದು. ವಾರಿಜ, ಅಂದರೆ ನನ್ನ ಹೆಂಡತಿ, ಊಹಿಸಬೇಕಾಗಿಲ್ಲ, ಅವಳಿಗೆ ಅನುಭವವೇ ಇದೆ.

ಆ ಟೇಪು ಕಂಡು ನಗು ಬಂದದ್ದು ದೋಣಿಯ ನೆನಪಿನಿಂದ. ನಾನೊಂದು ದೋಣಿ ಕಟ್ಟಿದ್ದೇನೆ. ಜೆಪ್ಪುವಿನ ನಮ್ಮ ಮನೆಯ ಕಾರು ನಿಲ್ಲಿಸುವ ಜಾಗದಲ್ಲಿ, ಮರದ ಹಲಗೆಯಲ್ಲಿ, ಹಾಯಿ ಇರುವ ನಿಜವಾದ ದೋಣಿ. ನಮಗೆ ಕಾರಿಲ್ಲ. ಕಾರು ಕೊಳ್ಳಬೇಕೆಂದು ಶುರುಮಾಡಿ ಜಾಗ ಕಟ್ಟಿಸಿದೆ, ಅಲ್ಲಿಗೇ ನಿಂತಿತು. ನನ್ನ ಬಾಳಿನಲ್ಲಿ ಹೀಗೆ ನಿಂತವು ಬಹಳ. ಜೇನುಪೆಟ್ಟಿಗೆ ತಂದೆ, ಜೇನು ಬರಲಿಲ್ಲ, ಕಣಜದ ಹುಳ ಬಂತು. ಹಾರ್ಮೋನಿಯಂ ತಂದೆ, ಒಂದೇ ರಾಗದ ಆರೋಹಣ ಬಂತು, ಇಳಿಯುವುದು ಬರಲಿಲ್ಲ. ತುಳು–ಕನ್ನಡ ಪದಕೋಶಕ್ಕೆ ಕೈಹಾಕಿ ಸ್ವರಗಳನ್ನು ಮುಗಿಸಿದೆ. ವ್ಯಂಜನಗಳು ಮೂವತ್ತನಾಲ್ಕು ಇವೆಯೆಂದು ಲೆಕ್ಕ ಹಾಕಿ ಕಡತ ಕಟ್ಟಿಟ್ಟೆ.

ನೀರಿನ ಹುಚ್ಚು ಎಲ್ಲಿಂದ ಬಂತೋ ಗೊತ್ತಿಲ್ಲ. ನಾನು ಹುಟ್ಟಿ ಬೆಳೆದದ್ದು ವಾಮಂಜೂರಿನ ಗದ್ದೆಯ ಬದಿಯಲ್ಲಿ. ಅಲ್ಲಿ ನೀರೆಂದರೆ ಮಳೆಗಾಲದಲ್ಲಿ ಗದ್ದೆಯಲ್ಲಿ ನಿಂತ ಮೊಣಕಾಲೆತ್ತರದ ಕೆಸರುನೀರು. ತೆಂಗಿನ ಹೊಂಬಾಳೆಯ ಒಣಗಿದ ಕವಚವನ್ನು ಅದರಲ್ಲಿ ತೇಲಿಬಿಡುತ್ತಿದ್ದೆ. ನಡುವೆ ಪೊರಕೆಯ ಕಡ್ಡಿ ಸಿಕ್ಕಿಸಿ ಹಲಸಿನ ಎಲೆಯ ಹಾಯಿ. ಒಮ್ಮೆ ಹಡಗಿಗೆ ಸರಕು ಬೇಡವೇ ಎಂದು ಅಜ್ಜಿಯ ಹಿತ್ತಾಳೆಯ ಸುಣ್ಣದ ಡಬ್ಬಿಯನ್ನು ಹೇರಿದೆ. ಹಡಗು ಗದ್ದೆಯ ನಡುವೆ ಮುಳುಗಿತು. ಅಜ್ಜಿ ಎರಡು ದಿನ ಸುಣ್ಣವಿಲ್ಲದೆ ಎಲೆ ಜಗಿದು ಮನೆಯವರನ್ನೆಲ್ಲ ಬೈದಳು. ಭತ್ತದ ನೇಜಿ ನೆಡುವ ಹೆಂಗಸರ ಕಾಲಿಗೆ ಡಬ್ಬಿ ಸಿಕ್ಕಿದಾಗ ನಾನು ಶಾಲೆಯಲ್ಲಿದ್ದೆ, ಅದೃಷ್ಟ.

ವಾರಿಜ ಹಾಗಲ್ಲ. ಅವಳು ಕುದ್ರುವಿನ ಹುಡುಗಿ. ನೇತ್ರಾವತಿಯ ನಡುವೆ ತೆಂಗಿನಮರ ತುಂಬಿದ ಸಣ್ಣ ಸಣ್ಣ ನಡುಗಡ್ಡೆಗಳಿವೆಯಲ್ಲ, ಅವಕ್ಕೆ ನಮ್ಮಲ್ಲಿ ಕುದ್ರು ಎನ್ನುತ್ತಾರೆ. ಅವಳು ಶಾಲೆಗೆ ಹೋದದ್ದು ದೋಣಿಯಲ್ಲಿ, ಅಂಗಡಿಗೆ ಹೋದದ್ದು ದೋಣಿಯಲ್ಲಿ. ಅವಳಣ್ಣ ಇಂದಿಗೂ ಅಲ್ಲೇ ಇದ್ದಾನೆ. ಮದುವೆಯ ದಿನ ನನ್ನನ್ನೂ ದೋಣಿಯಲ್ಲೇ ಆಚೆ ದಾಟಿಸಿದರು. ನಾನು ಎರಡೂ ಕೈಯಲ್ಲಿ ದೋಣಿಯ ಅಂಚು ಹಿಡಿದು ಕೂತದ್ದರಿಂದ ಬಾಸಿಂಗ ಓರೆಯಾದರೂ ಸರಿಮಾಡಲು ಕೈ ಖಾಲಿ ಇರಲಿಲ್ಲ. ಈಗಲೂ ಮದುವೆಯ ಫೋಟೋದಲ್ಲಿ ನನ್ನ ಬಾಸಿಂಗ ಎಡಕ್ಕೆ ವಾಲಿದೆ.

ನಿವೃತ್ತನಾದ ಎರಡನೆಯ ವರ್ಷ, ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದೆ. ಯಾವುದೋ ಚಳಿಯ ದೇಶದ ಗಡ್ಡದವನೊಬ್ಬ ತನ್ನ ಮನೆಯಂಗಳದಲ್ಲಿ ಮೂರು ವಾರಾಂತ್ಯಗಳಲ್ಲಿ ಎಂಟಡಿಯ ಹಾಯಿದೋಣಿ ಕಟ್ಟಿ ನೀರಿಗಿಳಿಸಿದ. ಮೂರು ವಾರಾಂತ್ಯ! ನನಗಂತೂ ಇಡೀ ವಾರವೇ ವಾರಾಂತ್ಯ. ಅವನ ನಕ್ಷೆಯನ್ನು ಇಳಿಸಿಕೊಂಡು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟು ಮಾಡಿಸಿ ತಂದೆ. ವಾರಿಜ ಅದನ್ನು ಊಟದ ಮೇಜಿನ ಮೇಲೆ ಬಿಡಿಸಿ ನೋಡಿದಳು.

“ಎಂತ ಇದು?”

“ದೋಣಿ. ನಾನೇ ಕಟ್ಟುವುದು.”

“ನಿಮಗೆ ಈಜಲಿಕ್ಕೆ ಬರುದಿಲ್ಲ.”

“ದೋಣಿ ಇರುವುದೇ ಈಜು ಬಾರದವರಿಗೆ.”

ಅವಳು ನಕ್ಷೆಯ ಮೇಲೆ ಬೆರಳಿಟ್ಟಳು. ಅಲ್ಲಿ ದೋಣಿಯ ನಡುವೆ ಒಂದೇ ಒಂದು ಮನುಷ್ಯನ ಚಿತ್ರವಿತ್ತು. “ಒಬ್ಬರಿಗೆ ಮಾತ್ರವಾ?”

“ನಕ್ಷೆಯಲ್ಲಿ ಹಾಗೇ ಉಂಟು,” ಎಂದೆ.

ಅವಳು ನಕ್ಷೆ ಮಡಚಿಟ್ಟು ಒಳಗೆ ಹೋದಳು. ಆ ದಿನ ಪಾತ್ರೆ ತೊಳೆಯುವ ಸದ್ದು ಸ್ವಲ್ಪ ಜೋರಾಗಿತ್ತು. ಅದು ನನಗೆ ಕೇಳಿಸಿತು, ಅರ್ಥವಾಗಲಿಲ್ಲ. ಸಂಜೆ ಚಹಾ ತಂದಿಟ್ಟು ಶರತ್ತು ಹಾಕಿದಳು. “ನೋಡಿ ಮಾರಾಯ್ರೆ, ಕಟ್ಟಿ, ಬೇಡ ಹೇಳುದಿಲ್ಲ. ಆದ್ರೆ ಬರುವ ದೀಪಾವಳಿ ಆಗಿ ಒಂದು ತಿಂಗಳ ಒಳಗೆ ಅದು ಗಾಳಿಯಲ್ಲಿ ನಮ್ಮ ಕುದ್ರುವಿಗೆ ಮುಟ್ಟಬೇಕು. ಹುಟ್ಟು ಹಾಕಿ ಅಲ್ಲ, ಗಾಳಿಯಲ್ಲಿ. ಮುಟ್ಟದಿದ್ರೆ ಹಲಗೆ ಎಲ್ಲ ಬಚ್ಚಲಿನ ಒಲೆಗೆ. ಮತ್ತೆ ಈ ಮನೆಯಲ್ಲಿ ನೀವು ಎಂತದ್ದೂ ಶುರು ಮಾಡಬಾರದು. ಜೀವಮಾನದಲ್ಲಿ.”

ನಗಬೇಡಿ. ಶುರುಮಾಡುವುದೊಂದೇ ನನಗೆ ಚೆನ್ನಾಗಿ ಬರುವ ಕೆಲಸ. ಅದನ್ನು ಕಿತ್ತುಕೊಂಡರೆ ಉಳಿದ ದಿನಗಳನ್ನು ಪೇಪರು ಓದಿ, ಮಾತ್ರೆ ನುಂಗಿ, ಬಸ್ಸಿನ ಬೋರ್ಡು ತಿದ್ದಿ ಕಳೆಯಬೇಕು. ನಿಜವಾಗಿಯೂ ಹೆದರಿದೆ. ಹೆದರಿಯೇ ಒಪ್ಪಿದೆ.

ಮರಗೆಲಸದಲ್ಲಿ ನನಗಿದ್ದ ಅನುಭವ ಕಪ್ಪುಹಲಗೆಗೆ ಮೊಳೆ ಹೊಡೆದಷ್ಟೇ. ಹಾಗಾಗಿ ಹಸನಬ್ಬ ಮೇಸ್ತ್ರಿಯವರನ್ನು ಹುಡುಕಿ ಹಿಡಿದೆ. ಪ್ರಾಯದಲ್ಲಿ ಅವರು ಬಂದರಿನಲ್ಲಿ ಮರದ ಹಡಗುಗಳ ಕೆಲಸ ಮಾಡಿದವರು, ಆಮೇಲೆ ದುಬೈಯಲ್ಲಿ ಅದನ್ನೇ ಮಾಡಿ ಬಂದವರು. ಈಗ ಎಪ್ಪತ್ತೈದು ದಾಟಿದೆ. ಮೊಣಕಾಲು ಮಡಚಲಾಗದು, ಕಣ್ಣು ಮಾತ್ರ ಚುರುಕು. “ನಾನು ಕುರ್ಚಿಯಲ್ಲಿ ಕೂತು ಗುರುತು ಹಾಕಿ ಕೊಡ್ತೇನೆ. ಕೊಯ್ಯುದು, ಹೆರೆಯುದು ನೀವು. ಆಗ್ತದಾ ಮಾಷ್ಟ್ರೇ?” ಎಂದರು. ಆಗುತ್ತದೆ ಎಂದೆ. ಅವರು ನನ್ನನ್ನು ಮಾಷ್ಟ್ರೇ ಎನ್ನುವುದು, ನಾನು ಅವರನ್ನು ಮೇಸ್ತ್ರಿಗಳೇ ಎನ್ನುವುದು. ಮಾಷ್ಟ್ರು ಇಂಗ್ಲಿಷಿನಿಂದ, ಮೇಸ್ತ್ರಿ ಪೋರ್ಚುಗೀಸಿನಿಂದ ಬಂದ ಪದಗಳು, ಎರಡರ ಮೂಲವೂ ಒಂದೇ ಎಂದು ಅವರಿಗೆ ವಿವರಿಸಿದೆ. “ಹೌದಾ? ಹಾಗಾದ್ರೆ ಉಳಿ ಹಿಡಿಯಿರಿ,” ಎಂದರು.

ನಕ್ಷೆ ಇಂಗ್ಲಿಷಿನಲ್ಲಿತ್ತು. “ಅದು ನನಗೆ ಆಗುದಿಲ್ಲ. ಕನ್ನಡದಲ್ಲಿ ಬರೆದು ಕೊಡಿ, ಓದ್ತೇನೆ,” ಎಂದರು ಮೇಸ್ತ್ರಿ. ಕುಣಿಯುವವನಿಗೆ ತಾಳ ಸಿಕ್ಕಿದಂತಾಯಿತು. ಎರಡು ವಾರ ಕೂತು ಇಡೀ ನಕ್ಷೆಯನ್ನು ಅಚ್ಚಕನ್ನಡಕ್ಕೆ ಇಳಿಸಿದೆ. ಪದವಿಲ್ಲದ ಕಡೆ ಪದ ಕಟ್ಟಿದೆ. ನೀರಿನೊಳಗೆ ಇಳಿಬಿಡುವ ಹಲಗೆಗೆ ‘ಜಲಖಡ್ಗ’ ಎಂದು ಹೆಸರಿಟ್ಟೆ. ಹಾಯಿ ಕಟ್ಟುವ ಮರಕ್ಕೆ ‘ಪಟಸ್ತಂಭ’ ಎಂದು ಬರೆದೆ. ನಕ್ಷೆಯ ಅಳತೆಯೆಲ್ಲ ಇಂಚಿನಲ್ಲಿತ್ತು. ನಾನು ಆ ಪದವನ್ನು ಬರೆಯುವವನೇ? ಒಂದೂ ಬಿಡದೆ ಎಲ್ಲ ಕಡೆ ಅಂಗುಲ ಎಂದೆ. ದೋಣಿಯ ಉದ್ದ, ತೊಂಬತ್ತಾರು ಅಂಗುಲ.

ಮೇಸ್ತ್ರಿ ಕಾಗದ ಹಿಡಿದು ನಿಧಾನವಾಗಿ ಓದಿದರು. “ಪಟಸ್ತಂಭ ಅಂದ್ರೆ ಯಾವ ದೇವಸ್ಥಾನದ್ದು?” ಎಂದು ಕೇಳಿದರು. ಜಲಖಡ್ಗ ಎಂದರೆ ಏನೆಂದು ಮೂರು ಸಲ ಕೇಳಿದರು. ಕೊನೆಗೆ ಉದ್ದದ ಸಾಲಿಗೆ ಬಂದಾಗ ಅವರ ಮುಖ ಅರಳಿತು. “ತೊಂಬತ್ತಾರು ಅಂಗುಲ! ಸರಿಯಾಗಿ ನಾಲ್ಕು ಕೋಲು. ಇದನ್ನು ಬರೆದವ ಗೊತ್ತಿದ್ದವನೇ ಮಾಷ್ಟ್ರೇ, ಲೆಕ್ಕ ಚೊಕ್ಕ ಉಂಟು.”

ಕೋಲು ಎಂಬ ಪದಕ್ಕೆ ತರಗತಿಯಲ್ಲಿ ನಾನು ಬಳಸುತ್ತಿದ್ದ ಅರ್ಥ ಒಂದೇ. ಆದರೂ ಗೊತ್ತಿದ್ದವನಂತೆ ತಲೆಯಾಡಿಸಿದೆ. ಮೇಸ್ತ್ರಿಯವರ ಕೈಯಲ್ಲಿ ಗೆರೆ ಸವೆದ ಮರದ ಅಳತೆಪಟ್ಟಿಯೊಂದು ಯಾವಾಗಲೂ ಇರುತ್ತಿತ್ತು. ಹಳೆಯ ಕಾಲದ ಸ್ಕೇಲು ಎಂದುಕೊಂಡಿದ್ದೆ.

ಕೆಲಸ ಮೂರು ವಾರಾಂತ್ಯಗಳಲ್ಲಿ ಮುಗಿಯಲಿಲ್ಲ. ಹೆಬ್ಬಲಸಿನ ಹಲಗೆ ಬಂತು. ಮೇಸ್ತ್ರಿ ಗೆರೆ ಹಾಕುವರು, ನಾನು ಗೆರೆ ಬಿಟ್ಟು ಕೊಯ್ಯುವೆನು. “ಗೆರೆ ನೋಡಿ ಮಾಷ್ಟ್ರೇ, ಗೆರೆ! ಮಕ್ಕಳಿಗೆ ಗೆರೆಯಲ್ಲಿ ಬರೆಯಲಿಕ್ಕೆ ಹೇಳ್ತಿರ್ಲಿಲ್ವಾ ನೀವು?” ಎಂದು ಗದರುವರು. ಅಷ್ಟು ವರ್ಷ ನನ್ನಿಂದ ಬೈಸಿಕೊಂಡ ಮಕ್ಕಳೆಲ್ಲ ಒಟ್ಟಾಗಿ ಹಸನಬ್ಬರ ಬಾಯಲ್ಲಿ ಕೂತಿದ್ದರು. ಹಲಗೆಗೆ ಬಳಿಯುವ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಬರಿಗೈಯಲ್ಲಿ ಮುಟ್ಟಬೇಡಿ ಎಂದು ಅವರು ಹೇಳಿದ್ದರು. ಮುಟ್ಟಿದೆ. ಅಂಗೈ ಬೊಬ್ಬೆ ಎದ್ದು ಹತ್ತು ದಿನ ಚಮಚದಲ್ಲಿ ಉಂಡೆ. ಅವರು ಹಾಯಿಗೆ ಪಾಯಿ ಎಂದಾಗ ನಾನು ಹಾಯಿ ಎಂದು ತಿದ್ದಿದೆ. ಆಮೇಲೆ ಹಾಸಿಗೆಯಲ್ಲಿ ಮಲಗಿ ಯೋಚಿಸಿದರೆ, ಹಳಗನ್ನಡದ ಪಕಾರವೇ ಹೊಸಗನ್ನಡದಲ್ಲಿ ಹಕಾರವಾಯಿತೆಂದು ವರ್ಷವೂ ಪಾಠ ಮಾಡಿದವನು ನಾನೇ. ಅವರ ಪದವೇ ನನ್ನದಕ್ಕಿಂತ ಹಿರಿಯದು. ಬೆಳಿಗ್ಗೆ ಅವರ ಕ್ಷಮೆ ಕೇಳಿದೆ. ಏತಕ್ಕೆಂದು ಅವರಿಗೆ ತಿಳಿಯಲಿಲ್ಲ.

ದೋಣಿಗೆ ಪಕ್ಕೆಲುಬು ಬಂದು ಹಲಗೆ ಮುಚ್ಚಿದಾಗ ವಾರಿಜ ಬಾಗಿಲಲ್ಲಿ ನಿಂತು, “ಎಂಟಡಿ ಅಂದ್ರಿ. ಇದು ನನ್ನ ಕಣ್ಣಿಗೆ ದೊಡ್ಡದು ಕಾಣ್ತದೆ,” ಎಂದಳು. “ನೆಲದ ಮೇಲೆ ದೋಣಿ ದೊಡ್ಡದಾಗಿಯೇ ಕಾಣುವುದು,” ಎಂದೆ. ಯಾವ ಆಧಾರದ ಮೇಲೆ ಹಾಗೆಂದೆನೋ ದೇವರಿಗೇ ಗೊತ್ತು. ಅವಳಿಗೆ ದೋಣಿಯ ಮೇಲೆ ಸಿಟ್ಟಿದ್ದರೂ ಹಾಯಿ ಹೊಲಿಯಲು ಒಪ್ಪಿದಳು. ನಾನು ಹೊಲಿದರೆ ಯಂತ್ರ ಉಳಿಯುವುದಿಲ್ಲ ಎಂಬುದು ಅವಳು ಕೊಟ್ಟ ಕಾರಣ. ನನ್ನ ಅದೇ ಕನ್ನಡ ಕಾಗದವನ್ನು ಮುಂದಿಟ್ಟುಕೊಂಡು, ಟೇಪು ಹಿಡಿದು ಅಳೆದು, ದಪ್ಪ ಕ್ಯಾನ್ವಾಸಿನಲ್ಲಿ ಮೂರು ಸೂಜಿ ಮುರಿದು ಹೊಲಿದಳು.

ಗಣೇಶ ಚೌತಿ ಕಳೆದ ಮೇಲೆ ಒಂದು ಬೆಳಿಗ್ಗೆ ಅಂಗಳದಲ್ಲೇ ಹಾಯಿಮರ ನಿಲ್ಲಿಸಿ ಹಾಯಿ ಏರಿಸಿದೆವು. ಅಣ್ಣನ ಮೈಗೆ ತಮ್ಮನ ಅಂಗಿ ತೊಡಿಸಿದ ಹಾಗಿತ್ತು. ಮೇಲೆ ಒಂದು ಮೊಳಕ್ಕಿಂತ ಹೆಚ್ಚು ಮರ ಬರಿದಾಗಿ ನಿಂತಿತ್ತು.

“ಯಾರು ಹೊಲಿದದ್ದು ಇದು?” ಎಂದರು ಮೇಸ್ತ್ರಿ.

“ನಾನು,” ವಾರಿಜ ಸೆರಗು ಸಿಕ್ಕಿಸಿಕೊಂಡಳು. “ನನ್ನ ಹೊಲಿಗೆಯಲ್ಲಿ ನೂಲಿನಷ್ಟೂ ತಪ್ಪಿಲ್ಲ. ಕಾಗದದಲ್ಲಿ ಇದ್ದ ಹಾಗೆ ಹೊಲಿದದ್ದು. ನಿಮ್ಮ ಮರವೇ ಉದ್ದ ಆಗಿದೆ.”

“ಐವತ್ತು ವರ್ಷ ಆಯ್ತು ಅಕ್ಕ, ನಾನು ಅಳತೆ ತಪ್ಪಿದವ ಅಲ್ಲ. ನಾನೂ ಕಾಗದದಲ್ಲಿ ಇದ್ದ ಹಾಗೆಯೇ ಮಾಡಿದ್ದು.”

ವಾರಿಜ ಒಳಗೆ ಹೋಗಿ ಟೇಪು ತಂದಳು. ಮೇಸ್ತ್ರಿಯವರ ಅಳತೆಪಟ್ಟಿಯನ್ನು ಕೆಳಗಿಟ್ಟು ಅದರ ಮೇಲೆ ಟೇಪು ಹಾಸಿದಳು. ಪಟ್ಟಿಯಲ್ಲಿ ಇಪ್ಪತ್ತನಾಲ್ಕು ಗೆರೆ. ಟೇಪು ಅದರ ತುದಿ ಮುಟ್ಟುವಾಗ ಇಪ್ಪತ್ತೆಂಟು ದಾಟಿತ್ತು. ಆ ಪಟ್ಟಿಯೇ ಕೋಲು. ಹಿಂದಿನ ಬಡಗಿಗಳ ಅಳತೆ. ಒಂದು ಕೋಲಿಗೆ ಇಪ್ಪತ್ತನಾಲ್ಕು ಅಂಗುಲ, ಮತ್ತು ಆ ಅಂಗುಲ ಇಂಚಿಗಿಂತ ದೊಡ್ಡದು. ಮೇಸ್ತ್ರಿಗೆ ಅಂಗುಲ ಎಂದರೆ ಹುಟ್ಟಿದಂದಿನಿಂದ ಅದೊಂದೇ. ವಾರಿಜಳಿಗೆ ಅಂಗುಲ ಎಂದರೆ ಟೇಪಿನ ಇಂಚು, ಏಕೆಂದರೆ ನಾನು ಹಾಗೆ ಕಲಿಸಿದ್ದೆ. ನನ್ನ ಕಾಗದದಲ್ಲಿ ಇಬ್ಬರಿಗೂ ಚೆನ್ನಾಗಿ ಅರ್ಥವಾದ ಪದ ಅದೊಂದೇ, ಇಬ್ಬರಿಗೂ ಬೇರೆ ಬೇರೆಯಾಗಿ ಅರ್ಥವಾಗಿತ್ತು.

ಇಬ್ಬರೂ ತಲೆಯೆತ್ತಿ ನನ್ನನ್ನು ನೋಡಿದರು.

“ಇಂಚು ಅಂತ ಬರೆದಿದ್ರೆ ನಿಮಗೆ ಎಂತ ಆಗ್ತಿತ್ತು?” ವಾರಿಜ ಕೇಳಿದಳು.

ಮೆಟ್ಟಿಲ ಮೇಲೆ ಕೂತುಬಿಟ್ಟೆ. ಒಂಬತ್ತು ತಿಂಗಳ ಬೆವರು, ಬೊಬ್ಬೆ, ಬೈಗುಳ. ಎಂಟಡಿಯ ದೋಣಿ ಒಂಬತ್ತೂವರೆ ಅಡಿಯಾಗಿ ನಿಂತಿತ್ತು. ಕಣ್ಣಲ್ಲಿ ನೀರು ಬಂತು, ಮುಚ್ಚಿಡುವುದಿಲ್ಲ. ಬಚ್ಚಲಿನ ಒಲೆಯೇ ಕಣ್ಣ ಮುಂದೆ ಬಂತು.

“ಎಂತ ಸತ್ತ ಮನೆಯ ಹಾಗೆ ಕೂತದ್ದು?” ಎಂದರು ಮೇಸ್ತ್ರಿ. “ಹಾಳು ಎಂತ ಆಗಿದೆ? ಉದ್ದ ಬೆಳೆದಿದೆ, ಅಗಲ ಬೆಳೆದಿದೆ, ಎಲ್ಲ ಒಂದೇ ಲೆಕ್ಕದಲ್ಲಿ ಬೆಳೆದಿದೆ. ದೋಣಿ ಸರಿಯೇ ಉಂಟು. ಪಾಯಿ ಸಣ್ಣದಾದ್ರೆ ಸಣ್ಣದೇ ಇರ್ಲಿ. ನಿಮ್ಮ ಹಾಗಿನ ಹೊಸಬರಿಗೆ ಸಣ್ಣ ಪಾಯಿಯೇ ಒಳ್ಳೆದು, ಮಗುಚುದಿಲ್ಲ. ಮತ್ತೆ,” ಎಂದು ದೋಣಿಯ ಒಳಗೆ ಕೈ ತೋರಿಸಿದರು, “ಈಗ ಇಬ್ಬರು ಆರಾಮ ಕೂತ್ಕೊಳ್ಬಹುದು.”

ವಾರಿಜ ದೋಣಿಯ ಒಳಗೆ ನೋಡಿದಳು. ತುಂಬ ಹೊತ್ತು ನೋಡಿದಳು. ಹತ್ತು ತಿಂಗಳ ಹಿಂದೆ ಪಾತ್ರೆಗಳು ಯಾಕೆ ಅಷ್ಟು ಜೋರಾಗಿ ಸದ್ದು ಮಾಡಿದವೆಂದು ನನಗೆ ಆಗ ಹೊಳೆಯಿತು. ಹುಟ್ಟಿದಂದಿನಿಂದ ದೋಣಿಯಲ್ಲಿ ಓಡಾಡಿದವಳ ಮುಂದೆ ಒಬ್ಬರಿಗೆ ಮಾತ್ರದ ನಕ್ಷೆ ಹರಡಿ, ‘ಹಾಗೇ ಉಂಟು’ ಎಂದವನು ನಾನು. ನಾಚಿಕೆಯಾಯಿತು. ಅಂಗುಲಕ್ಕಿಂತ ಅದು ದೊಡ್ಡ ತಪ್ಪು.

“ನೀನೂ ಬಾ,” ಎಂದೆ.

“ಬರದೆ? ನಿಮ್ಮನ್ನು ಒಬ್ಬರನ್ನೇ ಹೊಳೆಗೆ ಬಿಡ್ಲಿಕ್ಕೆ ನನಗೆ ಹುಚ್ಚಾ?” ಎಂದಳು. ಒಳಗೆ ಹೋಗಿ ಮೇಸ್ತ್ರಿಗೆ ಚಹಾದ ಜೊತೆ ನೀರುದೋಸೆಯನ್ನೂ ತಂದಳು.

ದೀಪಾವಳಿ ಕಳೆದು ಮೂರನೆಯ ಭಾನುವಾರ ದೋಣಿಯನ್ನು ಟೆಂಪೋದಲ್ಲಿ ಹೊಳೆಬದಿಗೆ ಸಾಗಿಸಿದೆವು. ಮಗಳು ಮಸ್ಕತ್ತಿನಿಂದ ಕಳಿಸಿದ ಕಿತ್ತಳೆ ಬಣ್ಣದ ಎರಡು ತೇಲುವ ಜಾಕೆಟ್ಟುಗಳನ್ನು ತೊಟ್ಟೆವು. ಮೇಸ್ತ್ರಿ ದಡದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ದೋಣಿ ನೀರಿಗಿಳಿದದ್ದೇ ಹಲಗೆಯ ಸಂದುಗಳಿಂದ ಸಣ್ಣಗೆ ನೀರು ಒಸರಿತು. “ಮರ ನೀರು ಕುಡಿಯಬೇಕು, ಆಮೇಲೆ ಮುಚ್ಚಿಕೊಳ್ತದೆ. ಕಾಯಿರಿ,” ಎಂದರು ಮೇಸ್ತ್ರಿ. ಎರಡು ಗಂಟೆ ಕಾದೆವು. ಊಟದ ಹೊತ್ತಿಗೆ ಮರ ಉಬ್ಬಿ ಸಂದು ಮುಚ್ಚಿತು. ಒಳಗಿನ ನೀರನ್ನು ತೆಂಗಿನ ಗೆರಟೆಯಲ್ಲಿ ಮೊಗೆದು ಚೆಲ್ಲಿದರೆ ಮತ್ತೆ ಬರಲಿಲ್ಲ.

ಮಧ್ಯಾಹ್ನದ ಮೇಲೆ ಕಡಲಿನ ಗಾಳಿ ಎದ್ದಿತು. ಕುದ್ರು ಇರುವುದು ಮೂಡಣಕ್ಕೆ, ಗಾಳಿ ಬೀಸುವುದು ಪಡುವಣದಿಂದ. ವಾರಿಜ ಸೆರಗು ಬಿಗಿದು ಹಿಂದೆ ಕೂತು ಚುಕ್ಕಾಣಿ ಹಿಡಿದಳು, ನಾನು ಹಗ್ಗ ಎಳೆದೆ. ಹಾಯಿ ಮೊದಲು ಪಟಪಟ ಬಡಿದುಕೊಂಡಿತು, ಒಮ್ಮೆಲೇ ಉಬ್ಬಿ ನಿಂತಿತು. ದೋಣಿ ಹೊರಟಿತು. ಯಾರೂ ತಳ್ಳಲಿಲ್ಲ, ಯಾರೂ ಹುಟ್ಟು ಹಾಕಲಿಲ್ಲ. ನಾನು ಹೆರೆದ ಹಲಗೆಗಳ ಕೆಳಗೆ ನೀರು ಗುಳುಗುಳು ಅನ್ನುತ್ತಿತ್ತು. ರೈಲು ಸೇತುವೆಯ ಮೇಲೆ ಗಾಡಿಯೊಂದು ಹೋಗುತ್ತಿತ್ತು, ಕಿಟಕಿಗಳಿಂದ ಜನ ಕೈಬೀಸಿದರು. ನಾನೂ ಬೀಸಿದೆ. ಬೀಸಿದ ಮೇಲೆ ಗೊತ್ತಾಯಿತು, ಎರಡೂ ಕೈ ಬೀಸುತ್ತಿದ್ದೇನೆ ಎಂದು.

“ಹಗ್ಗ ಹಿಡಿಯಿರಿ ಮಾರಾಯ್ರೆ!” ಎಂದು ಹಿಂದಿನಿಂದ ಬೊಬ್ಬೆ ಬಂತು.

ಗಾಳಿ ಒಂದು ಸಲ ಬಿದ್ದಿತು. ಹಾಯಿ ಜೋತಿತು, ದೋಣಿ ನಿಂತಿತು. ಕಾಲ ಬುಡದಲ್ಲೇ ಹುಟ್ಟು ಇತ್ತು. ನಾನು ಅದನ್ನು ನೋಡಿದ್ದನ್ನು ವಾರಿಜ ನೋಡಿದಳು. “ಮುಟ್ಟಬೇಡಿ. ಬರ್ತದೆ ಗಾಳಿ, ನನಗೆ ಈ ಹೊಳೆ ಗೊತ್ತುಂಟು,” ಎಂದಳು. ಶರತ್ತು ಹಾಕಿದವಳೇ ಈಗ ನಾನು ಸೋಲಬಾರದೆಂದು ಕಾಯುತ್ತಿದ್ದಳು. ಒಂದು ಹತ್ತು ನಿಮಿಷವಾಗಿರಬೇಕು, ಕುತ್ತಿಗೆಯ ಹಿಂದೆ ತಣ್ಣಗಾಯಿತು. ಹಾಯಿ ಮತ್ತೆ ತುಂಬಿತು.

ಕುದ್ರುವಿನ ತೆಂಗಿನಮರಗಳು ಹತ್ತಿರವಾದವು. ಕಲ್ಲಿನ ಮೆಟ್ಟಿಲ ಮೇಲೆ ವಾರಿಜಳ ಅಣ್ಣ ಸೊಂಟಕ್ಕೆ ಕೈಕೊಟ್ಟು ನಿಂತಿದ್ದ, ಪಕ್ಕದಲ್ಲಿ ಮೂರು ನಾಲ್ಕು ಜನ. ನಾನು ಹಗ್ಗ ಎಸೆಯಲು ಎದ್ದೆ. ಮೆಟ್ಟಿಲು ಇನ್ನೇನು ಎರಡು ಮಾರು ದೂರ. ಅಷ್ಟರಲ್ಲಿ ದೋಣಿಯ ಮೂತಿ ಬಲಕ್ಕೆ ತಿರುಗಿತು.

“ಎಲ್ಲಿಗೆ? ಮುಟ್ಟಿತಲ್ಲ!” ಎಂದೆ.

“ಇಲ್ಲಿ ಇಳಿದ್ರೆ ನಾಲ್ಕು ಜನ ಮಾತ್ರ ನೋಡ್ತಾರೆ. ಒಂದು ಸುತ್ತು ಬರುವ,” ಎಂದಳು ವಾರಿಜ, “ಇಡೀ ಕುದ್ರು ನೋಡ್ಲಿ.”

ಸುತ್ತು ಬಂದೆವು. ಆಚೆ ಬದಿಯಲ್ಲಿ ಗಾಳಿ ಎದುರಾದಾಗ ಹುಟ್ಟು ಹಾಕಿದೆವು. ಮೆಟ್ಟಿಲ ಹತ್ತಿರದವರೆಗೆ ಗಾಳಿಯಲ್ಲೇ ಬಂದದ್ದರಿಂದ ಶರತ್ತು ಗೆದ್ದ ಲೆಕ್ಕವೇ, ಅವಳು ಆಕ್ಷೇಪಿಸಲಿಲ್ಲ. ಪ್ರತಿ ಮನೆಯ ಎದುರು ಬಂದಾಗಲೂ ನನ್ನ ಹೆಂಡತಿ ಚುಕ್ಕಾಣಿ ಬಿಡದೆ ಎದ್ದು ನಿಂತು, ಹೆಸರು ಹಿಡಿದು ಕರೆದು, ತುಳುವಿನಲ್ಲಿ ಹೊಳೆಯೆಲ್ಲ ಕೇಳುವ ಹಾಗೆ ಕೂಗುತ್ತಿದ್ದಳು: “ಲಲಿತಕ್ಕಾ, ಹೊರಗೆ ಬನ್ನಿ! ನೋಡಿ ಇಲ್ಲಿ, ನಮ್ಮವರು ಕಟ್ಟಿದ್ದು!”